ಒರೆಸಿದರೆ ಹೋಗದ ಭಂಡಾರ

ಕಳ್ಳ ಏನನ್ನೂ ಒಯ್ದ ಹಾಗಿರಲಿಲ್ಲ. ಆದರೂ ಎಲ್ಲವೂ ಹೋಗಿತ್ತು.

ಶನಿವಾರ ಬೆಳಿಗ್ಗೆ ಶ್ರೀಮಂತ ನನ್ನ ಹೋಟೆಲಿಗೆ ಓಡಿಬಂದು ಹಾಕಿದ ಬೊಬ್ಬೆಗೆ ವಿಕ್ರೋಳಿ ಸ್ಟೇಷನ್ನಿನಲ್ಲಿ ಎರಡು ಫಾಸ್ಟ್ ಲೋಕಲ್ ನಿಂತವು. ವಿಕ್ರೋಳಿಯಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಇನ್ನು ಬೊಬ್ಬೆ ಎಂಥದೆಂದು ನೀವೇ ತಿಳಿಯಿರಿ.

"ಚೆನ್ನಯಣ್ಣಾ, ನಾ ಮುಳುಗಿದೆ! ಬಟ್ಟಿ ಸತ್ತೈತಿ!"

ನಾನು ಚೆನ್ನಯ. ಕಾರ್ಕಳದವ. ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನೆದುರು ನನ್ನ ಹೋಟೆಲು. ನನ್ನ ಇಡ್ಲಿ ತಿನ್ನದೆ ಮುಂಬಯಿ ಪೊಲೀಸರು ಒಂದು ಕೇಸನ್ನೂ ಬಿಡಿಸಿಲ್ಲ. ತಿಂದು ಬಿಡಿಸಿದ್ದೆಲ್ಲ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೇಳಿಕೊಟ್ಟದ್ದು.

ಹಿಂದಿನ ಬಾಗಿಲಿಂದ ನನ್ನ ಹೆಂಡತಿ ಸೇವಂತಿಯ ಸ್ವರ ಬಂತು. "ವ್ಯಾನಿನಲ್ಲಿ ಅರಶಿನ ಚೆಲ್ಲಿದ್ದು ಯಾರು ಮಾರಾಯ್ರೆ? ತೆಂಗಿನಕಾಯಿಗೆಲ್ಲ ಹಿಡಿದಿದೆ!"

"ಆಮೇಲೆ ನೋಡುವ," ಎಂದು ಹೆಗಲಿಗೆ ಬೈರಾಸು ಹಾಕಿ ಹೊರಟೆ.

ಆಮೇಲೆ ನೋಡುವ ಎಂದೆನಲ್ಲ, ಆಗಲೇ ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

*

ಶ್ರೀಮಂತ ಎಂಬುದು ಅವನ ಹೆಸರು, ಬಿಜಾಪುರದ ಕಡೆಯವನು. ಸಿಮೆಂಟು ಹೊರುತ್ತ ಬಂದವನು, ಈಗ ಎಸ್ಟೇಟಿನೊಳಗೆ ಒಂದು ಗಾಲಾ ಎಂದರೆ ಶೆಡ್ಡು, ಒಂದು ಮೆಷಿನ್ನಿನ ಯಜಮಾನ. ಅವನ ಬಟ್ಟೆಗೆ ನೂಲಿಲ್ಲ, ಮಗ್ಗವಿಲ್ಲ, ನೇಯ್ಗೆಯಿಲ್ಲ. ಪ್ಲಾಸ್ಟಿಕ್ ಕಾಳನ್ನು ಕರಗಿಸಿ ಬಿಸಿಗಾಳಿಯಲ್ಲಿ ಊದಿದರೆ ಜಾತ್ರೆಯ ಬೊಂಬಾಯಿ ಮಿಠಾಯಿಯ ಹಾಗೆ ಎಳೆ ಹಾರುತ್ತದೆ. ಎಳೆಯ ಮೇಲೆ ಎಳೆ ಬಿದ್ದು ಬಟ್ಟೆಯಾಗುತ್ತದೆ. ನನ್ನ ಅಜ್ಜಿಯ ತಲೆಗೂದಲನ್ನು ಸಾವಿರ ಸಲ ಸೀಳಿದರೆ ಆ ಎಳೆಯಷ್ಟು ಸಪೂರ. ಕೊನೆಗೆ ಅದಕ್ಕೆ ಕರೆಂಟಿನ ಚಾರ್ಜ್ ಕೊಡುತ್ತಾರೆ. ತಲೆ ಬಾಚಿದ ಹಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಹಾಗೆ ಈ ಬಟ್ಟೆ ಗಾಳಿಯಲ್ಲಿರುವ ಧೂಳನ್ನೆಲ್ಲ ಹಿಡಿದಿಡುತ್ತದೆ. ಚಾರ್ಜ್ ಇದ್ದರೆ ಅದು ಆಸ್ಪತ್ರೆಯ ಫಿಲ್ಟರು. ಹೋದರೆ ಸೊಳ್ಳೆಪರದೆ.

ಅಂದೇ ಮಧ್ಯಾಹ್ನ ಹನ್ನೆರಡು ಗಂಟೆಗೆ ವಿಲೆ ಪಾರ್ಲೆಯ ಲ್ಯಾಬಿನಲ್ಲಿ ಪರೀಕ್ಷೆ. ಆಸ್ಪತ್ರೆಗಳಿಗೆ ಫಿಲ್ಟರ್ ಮಾಡುವ ದೊಡ್ಡ ಕಂಪನಿಯೊಂದು ಎರಡೇ ಸ್ಯಾಂಪಲ್ ಕರೆದಿತ್ತು. ಒಂದು ಶ್ರೀಮಂತನದು, ಇನ್ನೊಂದು ಭಿವಂಡಿಯ ಕಾಶಿನಾಥನದು. ಗೆದ್ದವನಿಗೆ ವರ್ಷಗಟ್ಟಲೆ ಆರ್ಡರು. ಗೆದ್ದರೆ ಶ್ರೀಮಂತನಿಗೆ ಎರಡನೆಯ ಮೆಷಿನ್. ಸೋತರೆ ಇರುವ ಒಂದನ್ನೂ ಬ್ಯಾಂಕಿನವರು ಎಳೆದೊಯ್ಯುತ್ತಾರೆ.

ಸ್ಯಾಂಪಲ್ ರೋಲು ಮೇಜಿನ ಮೇಲಿತ್ತು. ತೊಡೆಯ ಮೇಲೆ ಮಲಗಿಸುವ ಕೂಸಿನಷ್ಟು ಗಾತ್ರ. ಹಾಲಿನಂಥ ಬಿಳುಪು. ತೂಕ ಸರಿ, ದಪ್ಪ ಸರಿ. ಆದರೆ ಪರೀಕ್ಷೆಗೆಂದು ಹೊಗೆ ಬಿಟ್ಟರೆ ತಡೆಯಿಲ್ಲದೆ ಎಲ್ಲ ಆಚೆಗೆ.

"ಇದು ಈಕಿ ಕೆಲಸ," ಎಂದ ಅನಿಲಕುಮಾರ. ಬಟ್ಟೆ ಪರೀಕ್ಷಿಸುವ ಇಂಜಿನಿಯರು, ಕಲಬುರ್ಗಿಯವನು. ಅವನ ಬೆರಳು ಮೆಷಿನ್ ನಡೆಸುವ ಸುಂದ್ರವ್ವನ ಕಡೆಗಿತ್ತು. "ನಿನ್ನೆ ಪೂಜಾದಾಗ ರೋಲಿಗೆ ಲೋಬಾನದ ಹೊಗಿ ಹಿಡದಾಳ. ಹೊಗಿ ಬಡದ್ರ ಚಾರ್ಜ್ ಹೋಗ್ತದ. ಇದು ಸೈನ್ಸ್ ರೀ."

"ಇನ್ನೊಂದು ರೋಲು ಮಾಡಿ."

"ಪೂಜಾಕ್ಕಂತ ಮೆಷಿನ್ ಆರಿಸೀವಿ. ಕಾಯಸಿ, ಬಟ್ಟಿ ತಗದು, ಚಾರ್ಜ್ ಮಾಡೂದ್ರಾಗ ನಾಳಿ ಸಂಜಿ ಆಗ್ತದ."

ಸುಂದ್ರವ್ವ ಗೋಡೆಗೆ ಒರಗಿದ್ದಳು. ಸೊಂಟದಲ್ಲಿ ಒಂದು ಕಡೆ ಸುಣ್ಣದ ಡಬ್ಬಿ, ಇನ್ನೊಂದು ಕಡೆ ಸವದತ್ತಿ ಎಲ್ಲಮ್ಮನ ಭಂಡಾರದ ಚೀಲ. ಭಂಡಾರವೆಂದರೆ ಅರಶಿನ ಪುಡಿ, ದೇವಿಯ ಪ್ರಸಾದ.

"ಯಣ್ಣಾ, ಲೋಬಾನ ಹಾಕಿದ್ದು ಖರೇ," ಎಂದಳು. "ಪ್ರತಿ ಶುಕ್ರವಾರ ಹಾಕ್ತೀನಿ. ಇಷ್ಟು ದಿನ ಸಾಯದ ಬಟ್ಟಿ ನಿನ್ನೆ ಯಾಕ ಸಾಯ್ತು? ಎರಡನೇ ಮೆಷಿನ್ ಬಂದ್ರ ನಾನ ಅದಕ್ಕ ಮುಖ್ಯಸ್ಥೆ ಅಂತ ಸಾವಕಾರ್ರು ಮಾತು ಕೊಟ್ಟಾರ. ನನ್ನ ಅನ್ನಕ್ಕ ನಾನ ಮಣ್ಣು ಹಾಕೊಳ್ಳಲೇನು?"

ಆಗಲೇ ಬಾಗಿಲಲ್ಲಿ ಬೂಟಿನ ಸದ್ದು. ಪಿಎಸ್‌ಐ ಲಾವಣ್ಯಾ. ಚೆಂಬೂರಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಕಾಲು ಎಡವುತ್ತದೆ. ಅನಿಲಕುಮಾರನೇ ಫೋನು ಮಾಡಿದ್ದ.

"ಚೆನ್ನಯ ಅಂಕಲ್, ನೀವು ಇಲ್ಲಿ ಭೀ ಇದ್ದೀರಾ?" ಎಂದಳು. "ಕಂಪ್ಲೇಂಟ್ ಇದೆ. ಈ ಲೇಡಿನ ನಾನು ಸ್ಟೇಷನ್‌ಗೆ ಕರ್ಕೊಂಡು ಹೋಗಬೇಕು."

ಸುಂದ್ರವ್ವ ಅಳಲಿಲ್ಲ. ಭಂಡಾರದ ಚೀಲವನ್ನು ಗಟ್ಟಿಯಾಗಿ ಹಿಡಿದಳು, ಅಷ್ಟೆ.  ನಾನು ಅವಳಿಗೂ ಲಾವಣ್ಯಾಳಿಗೂ ನಡುವೆ ಹೋಗಿ ನಿಂತೆ.

"ಹತ್ತು ನಿಮಿಷ ಕೊಡು ಮಗಾ," ಎಂದೆ.

*

ನಿನ್ನೆ ಏನಾಯಿತೆಂದು ಒಬ್ಬೊಬ್ಬರಿಂದ ಕೇಳಿದೆ. ಸಂಜೆ ಪೂಜೆ. ಸ್ಯಾಂಪಲ್ ರೋಲನ್ನು ಮೆಷಿನ್ನಿನ ಮುಂದಿಟ್ಟು ಸುಂದ್ರವ್ವ ಮೊದಲು ಭಂಡಾರ ಹಾರಿಸಿದಳು. ಆಮೇಲೆ ಲೋಬಾನ. ಪೂಜೆ ಮುಗಿಸಿ ಎಲ್ಲರೂ ವಾಡಿಕೆಯಂತೆ ನನ್ನ ಹೋಟೆಲಿಗೆ ಶೀರಾ ತಿನ್ನಲು ಬಂದರು. ಶಟರ್ ಎಳೆದು ಕೊನೆಗೆ ಬಂದವನು ಸುಹಾಸ.

ಸುಹಾಸ ಶ್ರೀಮಂತನ ಸೇಲ್ಸ್ ಮನುಷ್ಯ. ಸೇವಂತಿಯ ಅಣ್ಣನ ಮಗ. ಏಷ್ಯಾ ಖಂಡದಲ್ಲಿ ಅವನಂಥ ಮಾತುಗಾರ ಇನ್ನೊಬ್ಬನಿಲ್ಲ. ಇದ್ದರೆ ನಾನೇ. ಕೆಲಸಕ್ಕೆ ಸೇರಿಸಿದ್ದೂ ನಾನೇ.

"ಮಾವ, ಸುಂದ್ರಕ್ಕನನ್ನು ಬಿಟ್ಟುಬಿಡ್ಲಿಕ್ಕೆ ಹೇಳಿ, ಪಾಪ," ಎಂದ ಸುಹಾಸ. "ಬೇಕಂತ ಮಾಡಿರ್ಲಿಕ್ಕಿಲ್ಲ. ನಾನು ಈಗಲೇ ಪಾರ್ಲೆಗೆ ಹೋಗಿ ಒಂದು ವಾರ ಟೈಮ್ ಕೇಳ್ತೇನೆ."

"ಹೋಗು. ಒಂದು ಮಾತು. ಭಂಡಾರ ಹಾರಿಸಿದ ರೋಲು ಇಷ್ಟು ಬೆಳ್ಳಗೆ ಹೇಗುಂಟು?"

"ಅದಾ? ಶಟರ್ ಹಾಕುವ ಮೊದಲು ನಾನೇ ಕರ್ಚೀಫಿನಲ್ಲಿ ಒರೆಸಿದೆ. ಹಳದಿ ರೋಲನ್ನು ಕಸ್ಟಮರ್ ಎದುರು ಇಡ್ಲಿಕ್ಕೆ ಆಗ್ತದಾ?"

ಕರ್ಚೀಫು ತೆಗೆದು ತೋರಿಸಿದ. ಹೌದು, ಹಳದಿ. ನನಗೆ ಹೆಮ್ಮೆಯಾಯಿತು. ನಮ್ಮ ಹುಡುಗನ ಅಚ್ಚುಕಟ್ಟು! ಅವನು ರಿಕ್ಷಾ ಹಿಡಿದು ಹೋದ.

ಆದರೆ ಹೋಟೆಲಿನವನಿಗೆ ಒರೆಸುವ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಇದುವರೆಗೆ ಒರೆಸಿದ ಮೇಜುಗಳನ್ನು ಸಾಲಾಗಿಟ್ಟರೆ ಮಂಗಳೂರು ಮುಟ್ಟುತ್ತದೆ. ಗೋಡೆಯ ಮೇಲೆ ಯಾವುದೋ ಹಳೆಯ ರೋಲಿನ ಅಂಗೈಯಗಲದ ತುಂಡು ಅಂಟಿತ್ತು. ಗೋಂದಿಲ್ಲ, ಮೊಳೆಯಿಲ್ಲ. ಬಟ್ಟೆಗೆ ಇನ್ನೂ ಜೀವವಿತ್ತು.

"ಸುಂದ್ರವ್ವಾ, ಒಂದು ಚಿಟಿಕೆ ಭಂಡಾರ."

ತುಂಡಿನ ಮೇಲೆ ಉದುರಿಸಿದೆ. ಜಾಡಿಸಿದೆ, ಬೀಳಲಿಲ್ಲ. ಬೈರಾಸಿನಲ್ಲಿ ಒರೆಸಿದೆ. ಮೇಲಿನದು ಬೈರಾಸಿಗೆ ಬಂತು, ಉಳಿದದ್ದು ಹರಡಿ ಇನ್ನೂ ಒಳಗಿಳಿಯಿತು. ಉಜ್ಜಿದಷ್ಟೂ ಹಳದಿ. ಆಮೇಲೆ ಸತ್ತ ರೋಲಿನ ಮೇಲೆ ಉದುರಿಸಿ ಜಾಡಿಸಿದೆ. ಪುಡಿ ನೆಲಕ್ಕೆ ಬಿತ್ತು.

ಅನಿಲಕುಮಾರ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ.

"ಇಂಜಿನಿಯರ್ರೆ, ಪೂಜೆಯಲ್ಲಿ ಮೊದಲು ಯಾವುದು?"

"ಭಂಡಾರ. ಆಮ್ಯಾಲೆ ಹೊಗಿ."

"ಭಂಡಾರ ಬೀಳುವಾಗ ಬಟ್ಟೆಗೆ ಜೀವ ಇತ್ತು. ಜೀವ ಇರುವ ಬಟ್ಟೆ ನುಂಗಿದ್ದನ್ನು ಕಕ್ಕುವುದಿಲ್ಲ. ಆಮೇಲೆ ಹೊಗೆ ಬಡಿದು ಸತ್ತರೂ ಕಲೆ ಉಳಿಯಬೇಕು. ಈ ರೋಲಿನಲ್ಲಿ ಸಾಸಿವೆಯಷ್ಟು ಹಳದಿ ತೋರಿಸಿ, ನನ್ನ ಹೋಟೆಲನ್ನು ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ."

ಯಾರೂ ತೋರಿಸಲಿಲ್ಲ. ನನ್ನ ಹೋಟೆಲು ಉಳಿಯಿತು.

"ಮತಲಬ್?" ಎಂದಳು ಲಾವಣ್ಯಾ.

"ಪೂಜೆಯಲ್ಲಿ ಇದ್ದದ್ದು ಈ ರೋಲೇ ಅಲ್ಲ. ಯಾರೋ ಬದಲಾಯಿಸಿದ್ದಾರೆ. ಚಾರ್ಜ್ ಇಲ್ಲದ ಬಟ್ಟೆ ಎಲ್ಲಿ ಸಿಗುತ್ತದೆ?"

"ಇಲ್ಲೇ ಸಿಗ್ತದ್ರೀ," ಎಂದಳು ಸುಂದ್ರವ್ವ. "ಮೆಷಿನ್ ಚಾಲೂ ಮಾಡಿದಾಗ ಮೊದಲು ಬರೂ ಬಟ್ಟಿಗೆ ಚಾರ್ಜ್ ಇರೂದಿಲ್ಲ. ಆ ರೋಲು ಮೂಲ್ಯಾಗ ಒಗೀತೀವಿ." ಮೂಲೆಗೆ ಹೋಗಿ ನೋಡಿದಳು. ತಿರುಗಿದಾಗ ಅವಳ ಕಣ್ಣು ದೊಡ್ಡದಾಗಿತ್ತು. "ಒಂದು ಇಲ್ಲ."

"ಖರೇ ರೋಲು ಎಲ್ಲಿ ಹೋತು?" ಶ್ರೀಮಂತ ಮೂಲೆಯನ್ನೆಲ್ಲ ಕೆದಕತೊಡಗಿದ.

ಪರೀಕ್ಷೆಯ ಹಿಂದಿನ ದಿನ ಕದ್ದ ಒಳ್ಳೆಯ ರೋಲು ಒಂದೇ ಒಂದು ಕಡೆ ಬೆಲೆ ಬಾಳುತ್ತದೆ. ಅದೇ ಪರೀಕ್ಷೆಯಲ್ಲಿ. ಬೇರೆಯವರ ಹೆಸರಿನಲ್ಲಿ.

"ಪಾರ್ಲೆಗೆ!" ಎಂದೆ.

*

ಪೊಲೀಸ್ ಜೀಪು ಪೊವಾಯಿ ದಾರಿ ಹಿಡಿದು ಪಾರ್ಲೆಗೆ ಹೊರಟಿತು. ಹೊರಟಿತು ಎನ್ನುವುದು ಮರ್ಯಾದೆಯ ಮಾತು. ನಮ್ಮ ಎದುರಿದ್ದ ಟ್ಯಾಂಕರು ಅಲ್ಲಿಯೇ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ಮುದಿಯಾದ ಹಾಗೆ ನಿಂತಿತ್ತು. ಶ್ರೀಮಂತ ಗಡಿಯಾರ ನೋಡುತ್ತಿದ್ದ. ಸುಂದ್ರವ್ವ ತುಟಿಯೊಳಗೆ ಎಲ್ಲಮ್ಮನನ್ನು ಕರೆಯುತ್ತಿದ್ದಳು.

"ಅಂಕಲ್, ಡೌಟ್ ಯಾರ ಮೇಲೆ?" ಲಾವಣ್ಯಾ ಮೆಲ್ಲಗೆ ಕೇಳಿದಳು.

ನಾನು ಬಾಯಿ ತೆರೆದೆ. ಆಗ ಸೇವಂತಿಯ ಬೊಬ್ಬೆ ಕಿವಿಯಲ್ಲಿ ಎದ್ದಿತು. *ವ್ಯಾನಿನಲ್ಲಿ ಅರಶಿನ ಚೆಲ್ಲಿದ್ದು ಯಾರು?*

ನಿನ್ನೆ ಶೀರಾ ತಿನ್ನದೆ ನನ್ನಿಂದ ವ್ಯಾನಿನ ಚಾವಿ ಕೇಳಿದವನೊಬ್ಬನಿದ್ದ. ವಾಶಿ ಮಾರ್ಕೆಟ್ಟಿನಿಂದ ತೆಂಗಿನಕಾಯಿ ತರುತ್ತೇನೆ ಎಂದಿದ್ದ. ತಂದಿದ್ದ ಕೂಡ.

ತೆರೆದ ಬಾಯಿಯನ್ನು ಮುಚ್ಚಿದೆ. ನನ್ನ ಜೀವಮಾನದಲ್ಲಿ ಹಾಗೆ ಮುಚ್ಚಿದ್ದು ಅದೇ ಮೊದಲು. ಚಾಲಕನೂ ಗಾಬರಿಯಾಗಿ ತಿರುಗಿ ನೋಡಿದ.

*

ನಾವು ಲ್ಯಾಬಿಗೆ ನುಗ್ಗುವಾಗ ಪರೀಕ್ಷೆ ಮುಗಿದಿತ್ತು. ಲ್ಯಾಬಿನ ಮುಖ್ಯಸ್ಥೆ ಭಿವಂಡಿಯ ಕಾಶಿನಾಥನ ಕೈಕುಲುಕುತ್ತಿದ್ದಳು. ನೂರಕ್ಕೆ ತೊಂಬತ್ತೊಂಬತ್ತು ಧೂಳು ಹಿಡಿದ ಬಟ್ಟೆ! ಸುಹಾಸ ಮೂಲೆಯಲ್ಲಿ ನಿಂತಿದ್ದ. ಸೋತವನ ಮುಖ. ಬಹಳ ಚೆನ್ನಾಗಿ ನಟಿಸುತ್ತಿದ್ದ.

"ಟೈಮ್ ಕೊಡುವುದಿಲ್ಲವಂತೆ ಮಾವ."

ನಾನು ಅವನನ್ನು ನೋಡಲಿಲ್ಲ. ಗೆದ್ದ ರೋಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೇಲ್ಮೈ ಬೆಳ್ಳಗೆ. ಹೊರಗಿನ ಸುತ್ತುಗಳನ್ನು ಕತ್ತರಿಸಿ ತೆಗೆದಿದ್ದರು. ಆದರೆ ರೋಲಿನ ತುದಿಯಲ್ಲಿ, ಪದರ ಪದರದ ನಡುವೆ, ಒಂದು ಮಾಸಲು ಹಳದಿ ಬಳೆ.

"ಇದೇನು ಕಾಶಿನಾಥ ಸಾವ್ಕಾರ್ರೆ?"

"ಪ್ಯಾಕಿಂಗ್ ಕಾಗದದ ಬಣ್ಣ," ಎಂದ ಕಾಶಿನಾಥ. ಬೆಳಗಾವಿಯ ಕಡೆಯ ಮಾತು, ಮರಾಠಿಯ ಗತ್ತು. "ಹಾ ಕೋಣ್ ಆಹೇ? ಯಾರಿಂವಾ? ಹೊರಗ ಕಳಸ್ರಿ."

ಪ್ಯಾಕಿಂಗ್ ಕಾಗದವೂ ಹಳದಿಯೇ ಇತ್ತು. ಲಾವಣ್ಯಾ ನನ್ನ ಮುಖ ನೋಡಿದಳು. ನಾನು ರೋಲನ್ನು ಕಾಗದದ ಪಕ್ಕಕ್ಕೆ ಹಿಡಿದೆ, ಎರಡೂ ಒಂದೇ ಹಳದಿ. 

ಸುಂದ್ರವ್ವ ಮುಂದೆ ಬಂದಳು. ಸೊಂಟದಿಂದ ಸುಣ್ಣದ ಡಬ್ಬಿ ತೆಗೆದಳು.

"ಕಾಗದದ ಬಣ್ಣ ಆದ್ರ ಸುಣ್ಣಕ್ಕ ಅಂಜೂದಿಲ್ಲ," ಎಂದಳು. "ನಮ್ಮವ್ವನ ಭಂಡಾರ ಆದ್ರ ಓಕುಳಿ ಆಗ್ತದ."

ಬೆರಳ ತುದಿಯ ಹಸಿ ಸುಣ್ಣವನ್ನು ಮೊದಲು ಕಾಗದಕ್ಕೆ ಒತ್ತಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಆಮೇಲೆ ರೋಲಿನ ತುದಿಗೆ ಒತ್ತಿದಳು.

ಹಳದಿ ಬಳೆ ಕೆಂಪಾಯಿತು.

ಆರತಿ ತಟ್ಟೆಯ ನೀರಿನ ಕೆಂಪು. ಆ ಕೆಂಪು ಸಾಂತಾಕ್ರೂಜ್ ವಿಮಾನ ನಿಲ್ದಾಣದವರೆಗೂ ಕಾಣಿಸಿರಬೇಕು.

 ಸುಹಾಸ ನಕ್ಕ. "ಮುಂಬಯಿಯಲ್ಲಿ ಅರಶಿನ ಎಲ್ಲಿಲ್ಲ ಮಾವ?"

"ಎಲ್ಲ ಕಡೆ ಉಂಟು," ಎಂದೆ. "ನನ್ನ ವ್ಯಾನಿನಲ್ಲೂ ಉಂಟು."

ಅವನ ನಗು ಅಲ್ಲಿಗೆ ನಿಂತಿತು.

"ಎಲ್ಲರೂ ಶೀರಾ ತಿನ್ನುವಾಗ ಶಟರಿನೊಳಗೆ ನೀನೊಬ್ಬನೇ ಇದ್ದೆ. ಮೂಲೆಯ ಸತ್ತ ರೋಲನ್ನು ಮೇಜಿನ ಮೇಲಿಟ್ಟೆ. ಜೀವ ಇದ್ದದ್ದನ್ನು ಬಾಗಿಲ ಹಿಂದೆ ಇಟ್ಟು ನನ್ನಿಂದ ಚಾವಿ ತೆಗೆದುಕೊಂಡೆ. ಹಳದಿ ಹೋಗಲಿ ಎಂದು ವ್ಯಾನಿನಲ್ಲಿ ಕೊಡವಿದೆ, ಒರೆಸಿದೆ. ಕರ್ಚೀಫಿಗೆ ಹಿಡಿದದ್ದು ಆಗ. ಪೂರ್ತಿ ಹೋಗದೆ ಇದ್ದಾಗ ನೀನೂ ಕಾಶಿನಾಥನೂ ಸೇರಿ ಹೊರಗಿನ ಸುತ್ತು ಕತ್ತರಿಸಿದಿರಿ. ನಮ್ಮ ಕಡೆ ದೇವರ ಗಂಧ ಒರೆಸಿದರೆ ಹೋಗುತ್ತದೆ. ಭಂಡಾರವೂ ಹಾಗೆಯೇ ಎಂದುಕೊಂಡೆ ನೀನು. ಎಲ್ಲಮ್ಮನ ಭಕ್ತರು ಅದನ್ನು ಮುಷ್ಟಿ ಮುಷ್ಟಿ ಹಾರಿಸುತ್ತಾರೆ ಮಗಾ. ಸಂದಿ ಸಂದಿಗೆ ಇಳಿಯುತ್ತದೆ. ಈ ಬಟ್ಟೆಯಂತೂ ಅದನ್ನು ಎಳೆದು ಒಳಗಿಟ್ಟುಕೊಳ್ಳುತ್ತದೆ. 'ಒರೆಸಿದೆ' ಎಂದು ನೀನು ಹೇಳದೆ ಇದ್ದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ."

"ಮಾವ, ಸುಮ್ಮನೆ…"

"ಇಂವನ ತಂದುಕೊಟ್ಟಾನ!" ಕಾಶಿನಾಥ ಲಾವಣ್ಯಾಳ ಕಡೆ ಕೈಮುಗಿದು ಒದರಿದ. "ಆರ್ಡರ್ ಕೈಗೆ ಬಂದ್ರ ಬ್ಯಾಂಕು ಹೊಸ ಮೆಷಿನ್ ಕೊಡತೈತಿ, ಮಾಡೂ ರೀತಿ ನಾ ಹೇಳಿಕೊಡತೀನಿ, ನನಗ ಪಾಲು ಕೊಡ ಅಂದಾಂವ ಇಂವನ!"

ಸುಹಾಸ ನನ್ನನ್ನೇ ನೋಡಿದ. "ಎಷ್ಟು ದಿನ ಇನ್ನೊಬ್ಬರ ಬಟ್ಟೆ ಮಾರುವುದು ಮಾವ? ನನಗೂ ಒಂದು ಮೆಷಿನ್ ಬೇಕಿತ್ತು."

"ಅದಕ್ಕ ನನ್ನ ಜೇಲಿಗೆ ಕಳಸಾವ ಇದ್ದಿ?" ಎಂದಳು ಸುಂದ್ರವ್ವ. ಅಷ್ಟೇ. ಅವನು ತಲೆ ತಗ್ಗಿಸಿದ.

ಲ್ಯಾಬಿನ ಮುಖ್ಯಸ್ಥೆ ತನ್ನ ಕಾಗದದ ಮೇಲಿದ್ದ ಭಿವಂಡಿಯ ಹೆಸರಿಗೆ ಗೀಟು ಹಾಕಿ ಶ್ರೀಮಂತನ ಹೆಸರು ಕೇಳಿದಳು. ಅವನು ಹೆಸರು ಹೇಳುವಷ್ಟರಲ್ಲಿ ಲಾವಣ್ಯಾ ಸುಹಾಸನನ್ನೂ ಕಾಶಿನಾಥನನ್ನೂ ಜೀಪಿಗೆ ಹತ್ತಿಸಿದ್ದಳು.

*

ಸಂಜೆ ನಾನು ಹಿಂದಿರುಗುವಾಗ ಸೇವಂತಿ ಹೋಟೆಲಿನ ಹಿಂದೆ ಬಾಲ್ದಿಯಿಟ್ಟು ವ್ಯಾನ್ ತೊಳೆಯಲು ಕೂತಿದ್ದಳು. ತೆಂಗಿನಕಾಯಿ ಇಳಿಸಿ ಆಗಿತ್ತು. ಕೈಯೆಲ್ಲ ಹಳದಿ.

"ನೀರು ಹಾಕಬೇಡ," ಎಂದೆ. "ಪೊಲೀಸರು ನೋಡ್ಲಿಕ್ಕೆ ಬರ್ತಾರೆ."

ಅವಳ ಕೈ ನಿಂತಿತು. ನನ್ನ ಹಿಂದೆ ಸುಹಾಸ ಬರುತ್ತಿದ್ದಾನೆಯೇ ಎಂದು ನೋಡಿದಳು. ಯಾರೂ ಇರಲಿಲ್ಲ.

"ನೀವೇ ಹಿಡಿದುಕೊಟ್ಟದ್ದಾ?"

ಸೊಳ್ಳೆಯನ್ನು ಐರಾವತ ಮಾಡಿ ಹೇಳುವ ನಾಲಿಗೆ ನನ್ನದು. ಈ ಒಂದನ್ನು ಎಷ್ಟು ಎಳೆದರೂ ಒಂದು ಶಬ್ದಕ್ಕಿಂತ ಉದ್ದವಾಗಲಿಲ್ಲ.

"ಹೌದು."

ಸೇವಂತಿ ಒಳಗೆ ಹೋದಳು. ಪಾತ್ರೆಗಳ ಸದ್ದು ಬಂತು. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. ನೀರುದೋಸೆಯ ಪರಿಮಳ.

"ಸ್ಟೇಷನ್ನಿಗೆ ಕೊಟ್ಟು ಬನ್ನಿ. ಅಲ್ಲಿಯ ವಡಾಪಾವ್ ಅವನಿಗೆ ಆಗುವುದಿಲ್ಲ."

ಡಬ್ಬಿಯ ಹಿಡಿಯಲ್ಲಿ ಅವಳ ನಾಲ್ಕು ಬೆರಳು ಹಳದಿಯಾಗಿ ಮೂಡಿದ್ದವು. ನಾನು ಒರೆಸಲು ಹೋಗಲಿಲ್ಲ.