ಗಿರಣಿ ಮನೆಯ ಬುಕಿಂಗ್

2024ರ ಜುಲೈ 29, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ದುಬೈಯ ಅಲ್ ಮುರಕ್ಕಬಾತ್ ಪೊಲೀಸ್ ಠಾಣೆಯ ದೂರು ಕೌಂಟರಿನಿಂದ ದುಭಾಷಿ ಕಾಸಿಂಗೆ ಕರೆ ಬಂತು. ಒಬ್ಬ ದೂರುದಾರ ಇಂಗ್ಲಿಷಿನಲ್ಲಿ ಶುರು ಮಾಡಿ, ನಡುವೆ ತಡವರಿಸಿ, ತನ್ನ ಊರಿನ ಭಾಷೆಗೆ ಇಳಿದುಬಿಟ್ಟಿದ್ದಾನೆ, ಅದು ಯಾವ ಭಾಷೆಯೆಂದೂ ತಿಳಿಯುತ್ತಿಲ್ಲ ಎಂದರು ಕೌಂಟರಿನವರು.

ಅದು ಬ್ಯಾರಿ ಭಾಷೆಯಾಗಿತ್ತು. ಉಪ್ಪಿನಂಗಡಿಯ ಕಾಸಿಂ ಠಾಣೆಯಲ್ಲಿ ದುಭಾಷಿಯಾಗಿ ಸೇರಿದ ಮೇಲೆ ಆ ಕೌಂಟರಿನ ಮುಂದೆ ಅದನ್ನು ಕೇಳಿದ್ದು ಹೊಸದಲ್ಲ. ಆದರೆ ಹೀಗೆ ನಿಂತವರನ್ನು ಕಂಡದ್ದು ಕಡಿಮೆ. ರಿಯಾಝ್ ಎಂಬ ಆ ನಲವತ್ತರ ಗಂಡಸು ಎರಡೂ ಅಂಗೈಗಳನ್ನು ಮೇಜಿಗೆ ಊರಿ ನಿಂತಿದ್ದ. ಕೈ ತೆಗೆದರೆ ಬಿದ್ದುಬಿಡುವವನ ಹಾಗೆ. ಪಕ್ಕದಲ್ಲಿ ಅವನ ಹೆಂಡತಿ ನಾಫಿಯಾ.

"ಉಮ್ಮನ ವಿಷಯ ಹೇಳ್ಲಿಕ್ಕುಂಟು ಕಾಕ. ಎಲ್ಲಿಂದ ಶುರು ಮಾಡುವುದಂತ ಗೊತ್ತಾಗ್ತಿಲ್ಲ."

"ಬುಕಿಂಗಿನಿಂದ ಶುರು ಮಾಡಿ," ಎಂದಳು ನಾಫಿಯಾ.

ತನಿಖಾ ವಿಭಾಗದ ಲೆಫ್ಟಿನೆಂಟ್ ಶೈಮಾ ಬಂದು ಕುಳಿತಳು. ಊರಿನಲ್ಲಿ ಎಫ್‌ಐಆರ್ ಎನ್ನುವಂಥದ್ದು ಇಲ್ಲಿ ಅರಬಿಯಲ್ಲಿ ದಾಖಲಾಗುತ್ತದೆ. ರಿಯಾಝ್ ಹೇಳುತ್ತಾ ಹೋದ, ಕಾಸಿಂ ಅರಬಿಗೆ ತಿರುಗಿಸುತ್ತಾ ಹೋದ.

ರಿಯಾಝ್‌ಗೆ ನೈಫ್ ಪೇಟೆಯಲ್ಲಿ ಕಂಬಳಿ, ಹಾಸಿಗೆ ಬಟ್ಟೆಗಳ ಅಂಗಡಿ. ತಾಯಿ ಬೀಫಾತಿಮ ಅವನೊಂದಿಗೇ ಇದ್ದರು. ಅಂಗಡಿಯ ಮೇಲಿನ ಫ್ಲ್ಯಾಟಿನಲ್ಲಿ ಬೇಸಗೆಯಿಡೀ ಕಿಟಕಿ ಮುಚ್ಚಿ, ಎಸಿಯ ಸದ್ದಿನಲ್ಲಿ ಮಲಗಿ ಅವರಿಗೆ ಸಾಕಾಗಿತ್ತು. ಒಮ್ಮೆಯಾದರೂ ಕಿಟಕಿ ತೆರೆದು ಮಲಗಬೇಕು ಮಗಾ ಎನ್ನುತ್ತಿದ್ದರು. ಏಪ್ರಿಲ್‌ನಲ್ಲಿ ನಾಫಿಯಾ ಅಲ್ ಮುರಕ್ಕಬಾತ್‌ನ ಒಂದು ಟ್ರಾವೆಲ್ಸ್‌ನಲ್ಲಿ ಫ್ರಾನ್ಸಿನ ಹಳ್ಳಿಯೊಂದರ ಮನೆಯ ಫೋಟೋ ನೋಡಿದಳು. ಕಲ್ಲಿನ ಗೋಡೆ, ಮುಂದೆ ಅಕ್ರೋಟು ಮರ, ಪಕ್ಕದಲ್ಲಿ ನೀರು. ಒಂದು ಕಾಲದಲ್ಲಿ ಹಿಟ್ಟಿನ ಗಿರಣಿಯಾಗಿದ್ದದ್ದು. ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಇಂಥ ಮನೆಗಳಿಗೆ ಅಲ್ಲಿ ಝೀತ್ ಎನ್ನುತ್ತಾರಂತೆ. ಹೆಸರು ಕೇಳಿ ಬೀಫಾತಿಮ ನಕ್ಕಿದ್ದರು, "ಜೀತಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದು.

ಜುಲೈ 6ರ ಶನಿವಾರ ಸಂಜೆ ಮಗಳು ಮಿನ್ಹಾ ಸೇರಿ ನಾಲ್ವರೂ ಆ ಮನೆಯ ಮುಂದೆ ಕಾರಿನಿಂದ ಇಳಿದಾಗ ಒಳಗೆ ಬೇರೆ ಯಾರೋ ಗಂಡಹೆಂಡತಿ ಊಟ ಮಾಡುತ್ತಿದ್ದರು. ಮನೆಯೊಡತಿ ಓಡಿ ಬಂದಳು. ನಿಮ್ಮ ಬುಕಿಂಗ್ ಬುಧವಾರವೇ ರದ್ದಾಗಿದೆಯಲ್ಲ, ದುಬೈಯಿಂದಲೇ ಸಂದೇಶ ಬಂದಿತ್ತಲ್ಲ ಎಂದಳು. ರಜಾಕಾಲ. ಸುತ್ತಮುತ್ತ ಒಂದು ಕೋಣೆಯೂ ಖಾಲಿ ಇರಲಿಲ್ಲ. ಅವಳೇ ಹತ್ತು ಕಡೆ ಫೋನ್ ಮಾಡಿ ದೂರದ ಪೇಟೆಯಲ್ಲಿ ಒಂದು ಕೋಣೆ ಹಿಡಿದುಕೊಟ್ಟಳು. ಕಾರು ಮತ್ತೆ ಹೊರಟಿತು. ಬೀಫಾತಿಮ ಹಿಂದಿನ ಸೀಟಿನಲ್ಲಿ ಎದೆ ಹಿಡಿದ ಹಾಗೆ ಆಗ್ತದೆ ಎಂದರು. ರಸ್ತೆ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಆಸ್ಪತ್ರೆ ಸಿಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

"ಅಲ್ಲಿಯೇ ದಫನ ಮಾಡಿದ್ದು. ಒಂದು ವಾರಕ್ಕೆ ಅಂತ ಕರ್ಕೊಂಡು ಹೋದದ್ದು ಕಾಕ. ಉಮ್ಮನನ್ನು ಅಲ್ಲೇ ಬಿಟ್ಟು ಬಂದೆ."

ಕಾಸಿಂ ಈ ಮಾತನ್ನೂ ಅರಬಿಗೆ ತಿರುಗಿಸಿದ. ಶೈಮಾ ಬರೆದುಕೊಂಡಳು.

"ಬಾಡಿಗೆ ಹಣ?"

"ಹಣದ ಪ್ರಶ್ನೆ ಅಲ್ಲ. ಪೂರ್ತಿ ವಾಪಸ್ ಬಂದಿದೆ. ಅದೇ ನಮಗೆ ಅರ್ಥ ಆಗದ್ದು. ಮೋಸ ಮಾಡುವವರು ಹಣ ಯಾಕೆ ವಾಪಸ್ ಕೊಡ್ತಾರೆ?"

ಶೈಮಾಗೂ ಅದೇ ಅರ್ಥವಾಗಲಿಲ್ಲ. ರಿಯಾಝ್‌ನ ಫೋನಿನಲ್ಲಿ ರದ್ದತಿಯ ಮೇಲ್ ಇತ್ತು, ಬೇಡದ ಜಾಹೀರಾತುಗಳ ನಡುವೆ, ಯಾರೂ ತೆರೆಯದೆ.

ಅದೇ ಮಧ್ಯಾಹ್ನ ಶೈಮಾ, ಕಾಸಿಂ ಮತ್ತು ಒಬ್ಬ ಕಾನ್‌ಸ್ಟೇಬಲ್ ಟ್ರಾವೆಲ್ಸ್‌ಗೆ ಹೋದರು. ಮ್ಯಾನೇಜರ್ ನೆವಿಲ್ ಮಂಗಳೂರಿನ ಬಿಜೈ ಕಡೆಯವನು. ಪೊಲೀಸರನ್ನು ಕಂಡು ಚಹಾಕ್ಕೆ ಹೇಳಿದ. ಶೈಮಾ ಬೇಡವೆಂದಳು.

"ಈ ಬುಕಿಂಗ್ ರದ್ದು ಮಾಡಿದ್ದು ಯಾರು?"

"ನಮ್ಮವರು ಯಾರೂ ಅಲ್ಲ ಮೇಡಂ. ಆದ್ರೆ ನಮ್ಮ ಸಿಸ್ಟಮಿನಿಂದಲೇ ಆಗಿದೆ."

"ಪಾಸ್‌ವರ್ಡ್ ಯಾರ ಹತ್ತಿರ ಇದೆ?"

"ಕೌಂಟರಿನ ಎಲ್ಲರಿಗೂ ಒಂದೇ."

"ಕೆಲಸ ಬಿಟ್ಟು ಹೋದವರು?"

ನೆವಿಲ್ ಮೇಜಿನ ಮೇಲಿನ ಪೆನ್ನನ್ನು ನೇರವಾಗಿಟ್ಟ. "ಬದಲಾಯಿಸ್ಬೇಕಿತ್ತು. ಬದಲಾಯಿಸ್ಲಿಲ್ಲ."

ಕೌಂಟರಿನ ಕಂಪ್ಯೂಟರನ್ನು ವಶಕ್ಕೆ ಪಡೆದು ಪಂಚನಾಮೆ ಮಾಡಿದರು. ಎರಡು ದಿನದ ನಂತರ ತಾಂತ್ರಿಕ ವಿಭಾಗದ ಉತ್ತರ ಬಂತು. ರದ್ದತಿ ಮಾಡಿದ್ದು ಕಚೇರಿಯ ಒಳಗಿನಿಂದಲ್ಲ. ರಾಸ್ ಅಲ್ ಖೋರ್‌ನ ವಾಹನ ಬಿಡಿಭಾಗಗಳ ಗೋದಾಮೊಂದರ ಇಂಟರ್ನೆಟ್ ಲೈನಿನಿಂದ.

ಗೋದಾಮಿನಲ್ಲಿ ಹತ್ತಾರು ಜನ ಕೆಲಸಕ್ಕಿದ್ದರು. ಅಲ್ಲಿಗೆ ನುಗ್ಗುವ ಮೊದಲು ಶೈಮಾ ಫ್ರಾನ್ಸಿಗೆ ಫೋನ್ ಮಾಡಿದಳು. ಮನೆಯೊಡತಿ ವಯಸ್ಸಾದವಳು. ನಿಧಾನದ ಇಂಗ್ಲಿಷ್. ಬೀಫಾತಿಮರ ಸಾವಿನ ಸುದ್ದಿ ಅವಳಿಗೆ ಆಗಲೇ ತಿಳಿದಿತ್ತು. ಗೋರಿಗೆ ಹೂ ಇಟ್ಟು ಬಂದೆ, ಅದು ನಿಮ್ಮಲ್ಲಿ ಸರಿಯೋ ತಪ್ಪೋ ಗೊತ್ತಿಲ್ಲ ಎಂದಳು. ಕಾಸಿಂ ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದ.

"ದುಬೈಯ ಬುಕಿಂಗ್ ಹೀಗೆ ರದ್ದಾದದ್ದು ಇದೇ ಮೊದಲಾ?"

"ಅಲ್ಲ. ಹಿಂದೆಯೂ ಆಗಿದೆ. ಆದರೆ ಬಹಳ ಮುಂಚೆ ತಿಳಿಸುತ್ತಿದ್ದರು."

"ದುಬೈಯಿಂದ ಯಾರೂ ಬಂದೇ ಇಲ್ಲವಾ?"

"ಬಂದಿದ್ದಾರೆ. ಹೊಸದಾಗಿ ಮದುವೆಯಾದವರು, ಗೆಳೆಯರು..." ಮುದುಕಿಯ ಮಾತು ಅಲ್ಲೇ ತಡೆಯಿತು. "ಮಕ್ಕಳಿರುವವರು ಮಾತ್ರ ಬರಲಿಲ್ಲ."

ಶೈಮಾ ಕಾಸಿಂನ ಮುಖ ನೋಡಿದಳು.

"ಆ ಮನೆಯಲ್ಲಿ ಮಕ್ಕಳಿಗೆ ಏನಾದರೂ ಆಗಿತ್ತಾ?"

ಆ ಕಡೆ ಕೋಳಿಯೊಂದು ಕೂಗಿದ್ದು ಕೇಳಿಸಿತು. ಮೂರು ಬೇಸಗೆಯ ಹಿಂದೆ ದುಬೈಯಿಂದ ಬಂದ ಒಂದು ಕುಟುಂಬದ ಹುಡುಗಿ ಗಿರಣಿಯ ಕಾಲುವೆಗೆ ಬಿದ್ದು ತೀರಿಕೊಂಡಳು ಎಂದಳು ಮುದುಕಿ. ಐದು ವರ್ಷ. ಕ್ರಿಸ್ಟಿನಾ ಎಂದು ಹೆಸರು. ಅಪ್ಪ ಯುಜಿನ್ ಆ ಟ್ರಾವೆಲ್ಸ್‌ನಲ್ಲೇ ಕೆಲಸಕ್ಕಿದ್ದವನು. ಬೇಲಿ ಹಾಕಿಸಿ ಎಂದು ಆಮೇಲೆ ಎಷ್ಟೋ ಸಲ ಬರೆದ.

"ಹಾಕಿಸಿದಿರಾ?"

"ಹಳೆಯ ಗಿರಣಿ. ಮುಟ್ಟಲು ಅನುಮತಿ ಬೇಕು. ಕೇಳಿದ್ದೇನೆ, ಇನ್ನೂ ಬಂದಿಲ್ಲ. ಎಚ್ಚರಿಕೆಯ ಫಲಕ ಹಾಕಿದ್ದೇನೆ."

ಐದು ವರ್ಷದ ಮಗು ಫಲಕ ಓದುತ್ತದೆಯೇ ಎಂದು ಶೈಮಾ ಕೇಳಲಿಲ್ಲ. ಫೋನ್ ಇಟ್ಟು ನೆವಿಲ್‌ನನ್ನು ಠಾಣೆಗೆ ಕರೆಸಿದಳು.

"ಯುಜಿನ್ ವಿಷಯ ಮೊನ್ನೆ ಯಾಕೆ ಹೇಳಲಿಲ್ಲ?" ಎಂದು ಕಾಸಿಂನ ಮೂಲಕ ಪ್ರಶ್ನೆ ಹೋಯಿತು. ನೆವಿಲ್ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಉತ್ತರಿಸಿದ.

"ಅವನು ನೊಂದವನು ಕಾಸಿಂ ಭಾಯ್. ಆ ಮನೆಯನ್ನು ನಮ್ಮ ಕಂಪನಿಗೆ ತಂದದ್ದೇ ಅವನು. ಮೊದಲು ನಾನೇ ಹೋಗಿ ನೋಡಿ ಬರ್ತೇನೆ ಅಂತ ಹೆಂಡತಿ ಮಗಳನ್ನು ಕರ್ಕೊಂಡು ಹೋದ. ಬಂದ ಮೇಲೆ ಒಂದೇ ಹೇಳಿದ, ಆ ಮನೆ ತೆಗೀರಿ ಅಂತ."

"ತೆಗೆಯಲಿಲ್ಲ."

"ಚೆನ್ನಾಗಿ ಹೋಗ್ತಿತ್ತು. ಫೋಟೋ ನೋಡಿದ್ರೆ ಸಾಕು, ಜನ ಕೇಳ್ತಿದ್ರು." ಅವನ ದನಿ ಇಳಿಯಿತು. "ತೆಗೆದಿದ್ದೇನೆ ಅಂತ ಅವನಿಗೆ ಹೇಳಿದೆ. ಒಂದು ದಿವಸ ಅವನೇ ನೋಡಿದ. ಮಾತಾಡ್ಲಿಲ್ಲ, ಕೆಲಸ ಬಿಟ್ಟು ಹೋದ. ರಾಸ್ ಅಲ್ ಖೋರ್‌ನಲ್ಲಿ ಎಂತದೋ ಗೋದಾಮಿನಲ್ಲಿ ಉಂಟು ಅಂತ ಕೇಳಿದ್ದೆ."

ಆಗಸ್ಟ್ 1, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸರು ಗೋದಾಮಿಗೆ ಹೋದರು. ಹೊರಗೆ ಕಾಲಿಟ್ಟರೆ ಚಪ್ಪಲಿಯ ಅಡಿ ಅಂಟುವಂಥ ಬಿಸಿಲು. ಒಳಗೆ ಟೈರು, ಎಣ್ಣೆಗಳ ವಾಸನೆ. ಕೊನೆಯಲ್ಲಿ ಗಾಜಿನ ಗೋಡೆಯ ಸಣ್ಣ ಕೋಣೆ, ಅಲ್ಲಿ ಶಿರ್ವದ ಯುಜಿನ್ ಬಿಲ್ಲು ಮಾಡುತ್ತಾ ಕುಳಿತಿದ್ದ. ಶೈಮಾ ಗುರುತುಚೀಟಿ ತೋರಿಸಿದಾಗ ಅವನು ಎದ್ದು ನಿಂತ. ಏಕೆಂದು ಕೇಳಲಿಲ್ಲ. ಅರ್ಧ ಆಗಿದ್ದ ಬಿಲ್ಲನ್ನು ಮುಗಿಸಿ, ಪ್ರಿಂಟ್ ತೆಗೆದು ಪಕ್ಕದವನಿಗೆ ಕೊಟ್ಟ.

ವಿಚಾರಣೆಯಲ್ಲಿ ಅವನು ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಕಾಸಿಂ ಊರಿನವನೆಂದು ತಿಳಿದ ಮೇಲೆ ಕನ್ನಡಕ್ಕೇ ಬಂದ.

"ಜುಲೈ 3ರಂದು ಬುಕಿಂಗ್ ರದ್ದು ಮಾಡಿದ್ದು ನೀನಾ?"

"ಹೌದು."

"ಹಿಂದಿನವು?"

"ಅವೂ ನಾನೇ. ಮಕ್ಕಳು ಇದ್ದದ್ದು ಮಾತ್ರ. ಬುಕಿಂಗ್ ಆದ ವಾರದೊಳಗೆ ನೋಡ್ತಿದ್ದೆ ಭಾಯ್. ಹಣ ವಾಪಸ್ ಹೋಗುವ ಹಾಗೆ ಮಾಡ್ತಿದ್ದೆ. ಬೇರೆ ಮನೆ ಹುಡುಕ್ಲಿಕ್ಕೆ ಅವರಿಗೆ ಟೈಮ್ ಇರ್ತಿತ್ತು."

"ಈ ಸಲ?"

"ಸುಸನ್‌ಗೆ, ನನ್ನ ಹೆಂಡತಿಗೆ, ಆಪರೇಷನ್ ಆಯ್ತು. ಎರಡು ತಿಂಗಳು ನೋಡ್ಲಿಕ್ಕೇ ಆಗ್ಲಿಲ್ಲ. ನೋಡುವಾಗ ಮೂರೇ ದಿವಸ ಉಳಿದಿತ್ತು. ಆರು ವರ್ಷದ ಮಗು ಅಂತ ಇತ್ತು."

"ಫೋನ್ ಮಾಡಿ ಹೇಳಬಹುದಿತ್ತಲ್ಲ?"

"ನಂಬರ್ ಒತ್ತಿದೆ." ಯುಜಿನ್ ತನ್ನ ಅಂಗೈಯನ್ನೇ ನೋಡುತ್ತಿದ್ದ. "ಎಂತ ಹೇಳುವುದು? ನನ್ನ ಮಗಳು ಅಲ್ಲಿ ಹೋದಳು ಅಂತ ನಾನು ಇಷ್ಟರವರೆಗೆ ಬಾಯಿ ಬಿಟ್ಟು ಯಾರಿಗೂ ಹೇಳಿದವನಲ್ಲ. ಊರಿಗೆ ಕೂಡ ಸುಸನ್‌ನ ಅಣ್ಣನೇ ಹೇಳಿದ್ದು. ಆ ಕಡೆ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮೇಲ್ ಹೋಗ್ತದಲ್ಲ, ನೋಡ್ತಾರೆ ಅಂದ್ಕೊಂಡೆ."

ಶೈಮಾ ಪೆನ್ನು ಕೆಳಗಿಟ್ಟಳು. ಮುಂದಿನದನ್ನು ಅರಬಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿದಳು. ಕಾಸಿಂ ಅದನ್ನು ಕನ್ನಡಕ್ಕೆ ತರಬೇಕಿತ್ತು. ಅವನು ಕುರ್ಚಿಯನ್ನು ಯುಜಿನ್ ಕಡೆಗೆ ಎಳೆದುಕೊಂಡ.

"ಯುಜಿನ್, ಅವರು ಮೇಲ್ ನೋಡಲಿಲ್ಲ. ಅಲ್ಲಿವರೆಗೆ ಹೋದ್ರು. ಮನೆ ಸಿಗದೆ ಬೇರೆ ಊರಿಗೆ ಹೋಗುವ ದಾರಿಯಲ್ಲಿ..."

"ಮಗು?" ಯುಜಿನ್ ಕುರ್ಚಿಯಿಂದ ಅರ್ಧ ಎದ್ದ.

"ಮಗುವಿಗೆ ಏನೂ ಆಗಿಲ್ಲ. ಅಜ್ಜಿ ತೀರಿಕೊಂಡ್ರು. ಹೃದಯ ನಿಂತದ್ದು."

ಯುಜಿನ್ ಕುಳಿತ. ಮೊದಲು ಅವನ ಮುಖದಲ್ಲಿ ಮೂಡಿದ್ದು ಸಮಾಧಾನ. ಅದು ಕಾಸಿಂಗೂ ಶೈಮಾಗೂ ಕಂಡಿತು, ಅವನಿಗೂ ತಿಳಿಯಿತು. ಆಮೇಲೆ ಬಂದದ್ದನ್ನು ಕಾಸಿಂಗೆ ನೋಡಲಾಗಲಿಲ್ಲ.

"ಹೆಸರೇನು ಅವರದ್ದು?"

"ಬೀಫಾತಿಮ. ಕಾಟಿಪಳ್ಳದವರು."

ಯುಜಿನ್ ಆ ಹೆಸರನ್ನು ಸದ್ದಿಲ್ಲದೆ, ತುಟಿಯಲ್ಲೇ ಹೇಳಿಕೊಂಡ. ಹೇಳಿಕೆಗೆ ಸಹಿ ಹಾಕಿದ. ಅನುಮತಿಯಿಲ್ಲದೆ ಕಂಪನಿಯ ಗಣಕ ವ್ಯವಸ್ಥೆಗೆ ಪ್ರವೇಶಿಸಿದ್ದು, ಕಂಪನಿಯ ಹೆಸರಿನಲ್ಲಿ ಸುಳ್ಳು ಸಂದೇಶ ಕಳಿಸಿದ್ದು ಎಂಬ ಆರೋಪಗಳ ಮೇಲೆ ಅವನನ್ನು ಬಂಧಿಸಲಾಯಿತು. ಸಾವಿನ ಹೊಣೆಯ ವಿಚಾರವನ್ನು ಪ್ರಾಸಿಕ್ಯೂಷನ್ ತೀರ್ಮಾನಿಸಲಿ ಎಂದು ಶೈಮಾ ಬರೆದಳು. ಆ ಹೃದಯ ಆ ದಿನ ಕಿಟಕಿ ತೆರೆದ ಕೋಣೆಯಲ್ಲಿ ಮಲಗಿದ್ದರೂ ನಿಲ್ಲುತ್ತಿತ್ತೇ ಎನ್ನುವುದನ್ನು ಫ್ರಾನ್ಸಿನ ವೈದ್ಯರೂ ಹೇಳಿರಲಿಲ್ಲ.

ಮಧ್ಯಾಹ್ನ ರಿಯಾಝ್ ಮತ್ತು ನಾಫಿಯಾ ಬಂದರು. ಕಾಸಿಂ ಎಲ್ಲವನ್ನೂ ಬ್ಯಾರಿಯಲ್ಲೇ ಹೇಳಿದ. ರಿಯಾಝ್ ಕೊನೆಯವರೆಗೂ ಅಲುಗಾಡದೆ ಕೇಳಿದ.

"ಅವನಿಗೆ ಮಗು ಒಂದೇ ಕಂಡದ್ದಾ? ನನ್ನ ಉಮ್ಮ ಕಾಣಲಿಲ್ಲವಾ?"

ಕಾಸಿಂ ಅದನ್ನು ಅರಬಿಯಲ್ಲಿ ಶೈಮಾಗೆ ಹೇಳಿದ.

"ಆ ಕಾಲುವೆ," ನಾಫಿಯಾ ಮೆಲ್ಲಗೆ ಕೇಳಿದಳು, "ಮನೆಯಿಂದ ಎಷ್ಟು ದೂರ?"

"ಅಡುಗೆಮನೆಯ ಬಾಗಿಲು ತೆರೆದ್ರೆ ಅಲ್ಲೇ ಅಂತೆ."

"ಫೋಟೋದಲ್ಲಿ ಇತ್ತು. ಬಾತುಕೋಳಿ ಈಜ್ತಿದ್ದದ್ದು. ಮಿನ್ಹಾ ನೋಡಿ, ಐ ವಾಂಟ್ ದಿಸ್ ಹೌಸ್ ಅಂದಳು. ಅದಕ್ಕೇ ಆ ಮನೆಯನ್ನು ಆರಿಸಿದ್ದು." ಅವಳು ಗಂಡನ ತೋಳಿನ ಮೇಲೆ ಕೈಯಿಟ್ಟಳು. ರಿಯಾಝ್ ಆ ಕೈಯನ್ನು ಸರಿಸಲಿಲ್ಲ, ಹಿಡಿಯಲೂ ಇಲ್ಲ. ದೂರು ವಾಪಸ್ ಪಡೆಯುತ್ತೀರಾ ಎಂದು ಶೈಮಾ ಕೇಳಿಸಿದಾಗ ಇಲ್ಲ ಎಂದ. ನಾಫಿಯಾ ಎದುರಾಡಲಿಲ್ಲ.

ಅವರು ಹೋದ ಸ್ವಲ್ಪ ಹೊತ್ತಿಗೆ ಸುಸನ್ ಬಂದಳು. ಆಪರೇಷನ್ನಿನ ನೋವಿನಿಂದ ಇನ್ನೂ ಹೊಟ್ಟೆ ಹಿಡಿದು ನಡೆಯುತ್ತಿದ್ದಳು. ಗಂಡನಿಗೆ ಬಿಪಿ ಮಾತ್ರೆ, ಒಂದು ಜೊತೆ ಬಟ್ಟೆ ತಂದಿದ್ದಳು. ಯಾಕೆ ಹಿಡಿದದ್ದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಾಸಿಂ ಹೇಳಿದ. ಗಿರಣಿ ಮನೆಯ ಹೆಸರು ಬಂದೊಡನೆ ಅವಳು ಕೈಯೆತ್ತಿ ತಡೆದಳು.

"ಆ ಮನೆ ಇಲ್ಲ ಭಾಯ್. ಮುಚ್ಚಿಸಿದ್ದಾರೆ. ಯುಜಿನ್ ಬರೆದು ಬರೆದು ಮುಚ್ಚಿಸಿದ್ದು. ಯುಜಿನ್ನೇ ನನಗೆ ಹೇಳಿದ್ದು, ಇನ್ನು ಅಲ್ಲಿಗೆ ಯಾವ ಮಕ್ಕಳೂ ಹೋಗುವುದಿಲ್ಲ ಅಂತ. ಅವತ್ತಿನಿಂದ ನನಗೆ ನಿದ್ದೆ ಬರ್ಲಿಕ್ಕೆ ಶುರುವಾದದ್ದು."

ಕಾಸಿಂ ಅದನ್ನು ಅರಬಿಗೆ ತಿರುಗಿಸಿದ. ಶೈಮಾ ಕಡತವನ್ನು ಮತ್ತೆ ತೆರೆದಳು. ಆರೋಪಿಯ ಉದ್ದೇಶ ಎಂಬಲ್ಲಿ ಬೆಳಿಗ್ಗೆಯಿಂದ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಹೆಂಡತಿಗೆ ಕೊಟ್ಟ ಮಾತನ್ನು ನಿಜ ಮಾಡಲು ಎಂದು ಬರೆದಳು. ಆಮೇಲೆ ಕಾಸಿಂಗೆ, ಹೇಳು, ಮುಚ್ಚಿಡಬೇಡ ಎಂದಳು.

"ಮನೆ ಉಂಟು ತಂಗಿ. ಮುಚ್ಚಿಲ್ಲ. ಬೇಲಿಯೂ ಹಾಕಿಲ್ಲ. ಮಕ್ಕಳಿರುವವರು ಹೋಗದ ಹಾಗೆ ಯುಜಿನ್ ತಡೀತಾ ಇದ್ದ, ಅಷ್ಟೇ."

ಸುಸನ್ ಬೆಂಚಿನ ಮೇಲೆ ಕುಳಿತಳು. ಬಟ್ಟೆಯ ಚೀಲ ಮಡಿಲಲ್ಲೇ ಇತ್ತು. ಅಳುತ್ತಾಳೆ ಎಂದುಕೊಂಡು ಕಾಸಿಂ ನೀರು ತರಲು ತಿರುಗಿದ.

"ಭಾಯ್," ಎಂದಳು ಅವಳು. "ಹಾಗಾದ್ರೆ ಇನ್ನು ಮೇಲೆ ಮಕ್ಕಳು ಅಲ್ಲಿಗೆ ಹೋಗದ ಹಾಗೆ ಯಾರು ನೋಡಿಕೊಳ್ಳುವುದು?"

ಅವಳೇನು ಕೇಳಿದಳು ಎಂದು ಶೈಮಾ ಕೇಳಿದಳು. ಕಾಸಿಂ ಹೇಳಿದ.