ಟರ್ಬೊ ಸೀಳಿದ್ದು ಯಾರು?

"ಖರೆ ಹೇಳ್ರಿ, ನನ್ನ ಟರ್ಬೊ ಹೆಂಗ ಸೀಳಿದ್ರಿ?"

ನವನಗರದ ತನ್ನ ಗ್ಯಾರೇಜಿನ ಬಾಗಿಲಲ್ಲಿ ಐಶ್ವರ್ಯ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಎದುರಿಗೆ ಕಾಲೇಜು ಲೆಕ್ಚರರ್ ಕೌಶಿಕ. ಅವನ ಹಿಂದೆ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ ಅವನ ಅಜ್ಜನ ಕಾಲದ ಬೀಟಲ್ ಕಾರು.

"ಜೋರು ಓಡಿಸ್ದೆ. ತಪ್ಪು ನಂದೇ," ಎಂದ ಕೌಶಿಕ, ನೆಲ ನೋಡುತ್ತ.

"ಐನೂರು ಕಿಲೋಮೀಟರ್ ಆಗೂತನಕ ಜೋರ್ ತುಳೀಬ್ಯಾಡ್ರಿ ಅಂದಿದ್ನೋ ಇಲ್ಲೋ?"

"ಅಂದಿದ್ರಿ."

"ಮತ್ತ?"

ಕೌಶಿಕ ತಿರುಗಿ ಕಾರಿನ ಹಗ್ಗ ಬಿಚ್ಚತೊಡಗಿದ. ಅವಳ ಮೈಯೆಲ್ಲ ಉರಿದುಹೋಯಿತು!

ಉರಿಯದೆ ಇನ್ನೇನು? ಆ ಕಾರಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಎಂಜಿನ್ನನ್ನು ಗಾಳಿಯೊಂದೇ ತಂಪಾಗಿಡಬೇಕು. ಮೊದಲೇ ಸಿಲಿಂಡರ್ ದೊಡ್ಡದು ಮಾಡಿಸಿದ ಎಂಜಿನ್. ಅದಕ್ಕೆ ಇನ್ನಷ್ಟು ಗಾಳಿ ತುಂಬಿ ಬಲ ಕೊಡುವ, ಓಡುವಾಗ ಕೆಂಡದಂತೆ ಕಾಯುವ ಟರ್ಬೊ ಕೂಡಿಸುತ್ತೇನೆ ಎಂದಾಗ ಬಾಗಲಕೋಟೆಯ ಮೇಸ್ತ್ರಿಗಳೆಲ್ಲ ನಕ್ಕಿದ್ದರು. ಹುಡುಗಿಯ ಕೈಗೆ ಕೊಟ್ಟರೆ ಸುಟ್ಟೇ ವಾಪಸ್ ಬರುತ್ತದೆ ಎಂದಿದ್ದರು. ಈಗ ಹಾಗೇ ಆಗಿತ್ತು. ಇನ್ನು ಈ ಗ್ಯಾರೇಜಿಗೆ ಯಾರು ಗಾಡಿ ತರುತ್ತಾರೆ?

ಮೂರು ತಿಂಗಳು ದಿನಾ ಸಂಜೆ ಬಂದು ಅವಳ ಕೆಲಸಕ್ಕೆ ಟಾರ್ಚ್ ಹಿಡಿದವನು ಇದೇ ಕೌಶಿಕ. ಹಿಡಿದವನ ಕಡೆಗೆ ಅವಳ ಮನಸ್ಸೂ ಮೆಲ್ಲಗೆ ವಾಲಿತ್ತು... ಶನಿವಾರ ಮೊದಲ ಓಟಕ್ಕೆ ಅವಳ ಅಪ್ಪ ರಾಚಯ್ಯನನ್ನು ಕೂರಿಸಿಕೊಂಡು ಗಾಡಿ ಪೂಜೆಗೆ ತುಳಸಿಗೇರಿ ಹನುಮಪ್ಪನ ಗುಡಿಗೆ ಹೋದವನು, ಹೀಗೆ ಬಂದು ನಿಂತಿದ್ದ.

"ನಿಮ್ಮ ಕೆಲಸದಾಗ ತಪ್ಪಿಲ್ಲಂತ ಊರಿಗೆಲ್ಲಾ ಹೇಳ್ತೀನಿ, ಐಶ್ವರ್ಯಾ."

"ನಿಮ್ಮ ಸಾಕ್ಷಿ ಯಾರಿಗೆ ಬೇಕಾಗೈತಿ? ನನ್ನ ದುಡಿಮಿ ನಿಮಗ ಆಟಿಗಿ ಸಾಮಾನು! ನಡೀರಿ, ಇನ್ನ ಇಲ್ಲಿ ಕಾಲಿಡಬ್ಯಾಡ್ರಿ!"

ಸ್ಟೂಲಿನ ಮೇಲಿದ್ದ ರಾಚಯ್ಯ ಏನೋ ಹೇಳಲು ಎದ್ದು, ಕೌಶಿಕನ ಮುಖ ನೋಡಿ ಮತ್ತೆ ಕೂತರು.

ಆಮೇಲೆ ಎರಡು ಸಲ ಕೌಶಿಕ ಬಂದ. ಎರಡು ಸಲವೂ ಅವಳು ಅವನ ಮುಖದೆದುರೇ ಶಟರ್ ಎಳೆದಳು. ಎಳೆದು ಒಳಗೆ ಅತ್ತಳು, ಅದು ಬೇರೆ ಮಾತು.

ಎಂಟನೇ ದಿನ ಎಂಜಿನ್ ಬಿಚ್ಚಿದಳು. ಅಷ್ಟು ಜೋರು ಓಡಿಸಿದ್ದರೆ ಪಿಸ್ಟನ್ ಗೀರುಬಿದ್ದಿರಬೇಕು. ಒಂದು ಗೀರೂ ಇಲ್ಲ! ಬೇರಿಂಗುಗಳು ಹೊಸದರಂತೆ ಹೊಳೆಯುತ್ತಿದ್ದವು. ಸೀಳಿಹೋಗಿದ್ದು ಟರ್ಬೊದ ಮೇಲ್ಭಾಗ ಮಾತ್ರ. ಕೆಳಗಿನ ತಗಡಿನ ಮೇಲೆ ಹರಿದ ಕುಂಕುಮ, ಒಂದೆಳೆ ತೆಂಗಿನ ನಾರು, ಸುಟ್ಟ ಸಿಹಿಯ ವಾಸನೆ.

ಅವಳು ಸ್ಪ್ಯಾನರ್ ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು.

"ಅಪ್ಪಾ... ಗುಡಿ ಮುಂದ ಕಾಯಿ ಒಡದು ನೀರು ಎಲ್ಲಿ ಬಿಟ್ಟಿ?"

ರಾಚಯ್ಯನ ಕಣ್ಣು ತುಂಬಿ ಬಂತು.

"ನೀ ಕೂಡಿಸಿದ್ದಕ್ಕ ದೃಷ್ಟಿ ಆಗಬಾರದಂತ ಅದರ ಮ್ಯಾಲೇ ಬಿಟ್ಟೆ, ಯವ್ವಾ. ಅಷ್ಟು ಕಾದಿರತೈತಿ ಅಂತ ನನಗೆಲ್ಲಿ ಗೊತ್ತು? ತಣ್ಣೀರು ಬಿದ್ದಕೂಡ್ಲೆ ಟಣ್ ಅಂತ ಸೀಳೇಬಿಡ್ತು! 'ಹೇಳಬ್ಯಾಡ್ರಿ ಕಾಕಾ, ತಪ್ಪು ನಾ ಒಪ್ಪಿಕೋತೀನಿ' ಅಂದ ಆ ಹುಡುಗ..."

ಅವಳು ಗ್ರೀಸ್ ಮೆತ್ತಿದ ಕೈಯಲ್ಲೇ ಕಾಲೇಜಿನ ಗೇಟಿಗೆ ಹೋದಳು.

"ಸುಳ್ಳು ಯಾಕ ಹೇಳಿದ್ರಿ?" ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅವಳಿಗೆ ನಿಜ ಗೊತ್ತಾಗಿದೆ ಎಂದು ಕೌಶಿಕನಿಗೆ ತಿಳಿಯಿತು. "'ಮಗಳ ಕೆಲಸ ನನ್ನ ಕೈಲೇ ಹಾಳಾತು' ಅಂತ ಗುಡಿ ಕಟ್ಟಿ ಮ್ಯಾಲೆ ಕೂತು ಅತ್ರು ಕಾಕಾ. ನಿಮ್ಮ ಬೈಗಳ ನಾ ತಡ್ಕೋತೀನಿ. ಅವರಿಗೆ ಆಗ್ತಿದ್ದಿಲ್ಲ."

"ನಾ ಏನೇನೋ ಅಂದೆ..."

"ಎಲ್ಲಾ ನೆನಪದ."

"ಸಿಟ್ಟಿಲ್ಲೇನು?"

"ಭಾಳ ಅದ! ನಾ ನಿಮ್ಮ ಮಾತು ಮೀರೂದಿಲ್ಲಂತ ತಿಳೀಲಿಕ್ಕೆ ಎಂಟು ದಿನ ಬೇಕಾತೇನ್ರಿ?"

ಅವಳು ಕಣ್ಣೊರೆಸಿಕೊಂಡಳು. ಕೆನ್ನೆಗೆ ಗ್ರೀಸ್ ಬಳಿದುಕೊಂಡಿತು.

"ತಪ್ಪಾತ್ರಿ. ಆದ್ರ ಇನ್ನೊಮ್ಮೆ ನನ್ನ ಮುಂದ ಸುಳ್ಳು ಹೇಳಿದ್ರ ನೋಡ್ರಿ ಮತ್ತ!"

"ಹಂಗಾದ್ರ ಖರೇದೇ ಹೇಳ್ತೀನಿ. ನನಗ ಟರ್ಬೊ ಬೇಕಾಗಿದ್ದಿಲ್ಲ. ದಿನಾ ಸಂಜಿಗೆ ನಿಮ್ಮ ಬಾಜೂಕ ನಿಂತು ಟಾರ್ಚ್ ಹಿಡೀಬೇಕಾಗಿತ್ತು. ನನಗ ನೀವು ಬೇಕು, ಐಶ್ವರ್ಯಾ."

ಐಶ್ವರ್ಯ ಕೆನ್ನೆಯ ಗ್ರೀಸನ್ನು ತೋಳಿನಿಂದ ಒರೆಸಿಕೊಂಡಳು.

"...ಸಂಜಿಗೆ ಬರ್ರಿ. ಹೊಸಾದು ಕೂಡಿಸೂದೈತಿ. ಟಾರ್ಚ್ ಮರೀಬ್ಯಾಡ್ರಿ."

"ಪೂಜಿಗೆ ಕಾಕಾನ್ನ ಕರೀತೀರಿಲ್ಲೋ?"

"ಕರೀತೇನಿ," ಎಂದು ಐಶ್ವರ್ಯ ಎಂಟು ದಿನದಲ್ಲಿ ಮೊದಲ ಸಲ ನಕ್ಕಳು. "ಎಂಜಿನ್ ತಣ್ಣಗಾದ ಮ್ಯಾಲೆ!"