ಅಕ್ಕನ ಅರ್ಧ, ತಮ್ಮನ ಅರ್ಧ

"ಎಲ್ಲರೂ ಕೇಳಿ! ಈ ಕ್ಷಣದಿಂದ ಈ ಕೋಣೆ ಎರಡು ದೇಶ!"

ಪಿಟೀಲು ಮಂಚದ ಮೇಲೆ ನಿಂತು ಘೋಷಿಸಿದಳು. ಎಲ್ಲರೂ ಅಂದರೆ ಇಬ್ಬರೇ. ಬಾಗಿಲಾಚೆ ಹೊಲಿಗೆ ಮಷಿನ್ ಮುಂದೆ ಅಮ್ಮ, ಮಂಚದ ಕೆಳಗೆ ತಮ್ಮ ಡಬ್ಬ. ಮಾತಿಗೊಂದು ರಾಗ ಎಳೆಯುವುದರಿಂದ ಅವಳು ಪಿಟೀಲು. ಬಾಯಿಗೆ ಮುಚ್ಚಳವೇ ಇಲ್ಲದ್ದರಿಂದ ಅವನು ಡಬ್ಬ.

ಯುದ್ಧಕ್ಕೆ ಕಾರಣವಿತ್ತು. ಶಾಲೆಗೆಂದು ಅವಳು ಬರೆದಿದ್ದ ಚಿತ್ರದ ಹಸಿ ಬಣ್ಣದ ಮೇಲೆ ಡಬ್ಬ ಆಟದ ಕಾರು ಓಡಿಸಿದ್ದ. ನೀಲಿ ಆಕಾಶದ ತುಂಬ ಈಗ ಟೈರಿನ ಗುರುತು.

"ಅಮ್ಮಾ, ನಡುವೆ ಪರದೆ ಹಾಕ್ಕೊಡು. ನನಗೆ ನನ್ನದೇ ಜಾಗ ಬೇಕು." ರಾಗ ಅಳುವಿನ ಅಂಚಿಗೆ ಬಂದಿತ್ತು.

ಅಮ್ಮ ಮಷಿನ್ ನಿಲ್ಲಿಸಿದಳು. "ಹಳೇ ಬೆಡ್‌ಶೀಟ್ ಇದೆ, ಹೊಲಿದು ಕೊಡ್ತೀನಿ. ಆದ್ರೆ ಸರಿಯಾಗಿ ಅರ್ಧ ಎಲ್ಲಿ ಅಂತ ನೀನೇ ತೋರಿಸ್ಬೇಕು. ಒಂದು ಬೆರಳು ಆಚೀಚೆ ಆದ್ರೂ ಇವನು ಮನೇನ ತಲೆ ಮೇಲೆ ಹೊತ್ಕೊಳ್ತಾನೆ."

ಪಿಟೀಲಿನ ತಂತಿ ಸಡಿಲವಾಯಿತು. ಕ್ಲಾಸಿನಲ್ಲಿ ಭಾಗಾಕಾರ ಶುರುವಾದರೆ ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕುವವಳು ಅವಳು. ಈಗ ಮನೆಯಲ್ಲಿ ತಾನಾಗಿಯೇ ಭಾಗ ಕೇಳಿದ್ದಳು!

ಬೇರೆ ದಾರಿಯಿಲ್ಲ. ಬಾಗಿಲಿನ ಗೋಡೆಯಿಂದ ಕಿಟಕಿಯ ಗೋಡೆಗೆ, ಪಾದಕ್ಕೆ ಪಾದ ತಾಗಿಸಿ ನಡೆದಳು. ಹದಿನೈದು ಪಾದ.

"ಹದಿನೈದರ ಅರ್ಧ... ಆ ಕಡೆ ಏಳು, ಈ ಕಡೆ ಏಳು... ಅಯ್ಯೋ, ಒಂದು ಉಳೀತಲ್ಲ!"

"ಹದಿನೈದು ಅಲ್ಲ, ಸುಳ್ಳಿ! ನಾನು ಎಣಿಸಿದ್ರೆ ಇಪ್ಪತ್ತು," ಎಂದ ಡಬ್ಬ.

"ನಿಂದು ಇಲಿ ಪಾದ ಕಣೋ."

"ನಿಂದು ಆನೆ ಪಾದ!"

ಒಳಗೆ ದಾರದ ಉಂಡೆಯೊಂದು ಹಾರಿ ಬಂತು. "ಇಲೀನೂ ಬೇಡ, ಆನೇನೂ ಬೇಡ. ಇದ್ರಲ್ಲಿ ಅಳೀರಿ," ಎಂದಳು ಅಮ್ಮ.

ಒಂದು ತುದಿಯನ್ನು ಅವನು ಬಾಗಿಲಿನ ಗೋಡೆಗೆ ಹಿಡಿದ, ಇನ್ನೊಂದನ್ನು ಇವಳು ಕಿಟಕಿಯ ಗೋಡೆಗೆ. ಬಿಗಿಯಾಗಿ ಎಳೆದು ಕತ್ತರಿಸಿದರು. ಆಮೇಲೆ? ಪಿಟೀಲು ದಾರ ಹಿಡಿದು ಯೋಚಿಸುತ್ತಲೇ ಇದ್ದಳು.

"ನನ್ನ ಕೈ ನೋಯ್ತಿದೆ. ತಗೋ, ನಿನ್ನ ದಾರ ನೀನೇ ಇಟ್ಕೋ." ಡಬ್ಬ ಬಂದು ತನ್ನ ತುದಿಯನ್ನೂ ಅವಳ ಮುಷ್ಟಿಗೆ ತುರುಕಿದ.

ಎರಡು ತುದಿ ಒಂದೇ ಕೈಯಲ್ಲಿ. ಉಳಿದ ದಾರ ಉಯ್ಯಾಲೆಯಂತೆ ಜೋತುಬಿತ್ತು. ಪಿಟೀಲು ಅದನ್ನು ನೋಡಿದಳು. ಕಣ್ಣು ಅಗಲವಾಯಿತು.

"ಡಬ್ಬಾ! ಎರಡೂ ತುದಿ ಗೋಡೆಗೆ ಒತ್ತಿ ಹಿಡಿ. ಅಲ್ಲಾಡಿದ್ರೆ ನೋಡು!"

ದಾರದ ಮಡಿಕೆಯನ್ನು ಬಿಗಿಯಾಗಿ ಎಳೆದು, ಅದು ಮುಟ್ಟಿದ ಕಡೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದಳು. ಎದುರು ಗೋಡೆಯಿಂದಲೂ ಎಳೆದಳು. ಅದೇ ಗುರುತು! ಅಡ್ಡಕ್ಕೆ ಉದ್ದ ಗೆರೆ ಎಳೆದು, ನಂಬಿಕೆ ಸಾಲದೆ ಮತ್ತೆ ಪಾದದಿಂದ ಅಳೆದಳು. ಏಳು ಪಾದ ಮುಗಿದು, ಎಂಟನೆಯದರ ನಟ್ಟನಡುವೆ ಗೆರೆ ಹಾದುಹೋಯಿತು.

"ಓ! ಉಳಿದ ಆ ಒಂದು ಪಾದಾನೂ ಅರ್ಧ ಮಾಡ್ಬೇಕಿತ್ತು! ಏಳೂವರೆ, ಏಳೂವರೆ!"

ಒಂದು ಲೆಕ್ಕ ಅವಳನ್ನು ನೋಡಿ ನಕ್ಕದ್ದು ಇದೇ ಮೊದಲು.

"ಕಿಟಕಿ ಕಡೆ ನಂದು," ಎಂದು ಹಾರಿ ತನ್ನ ದೇಶ ಸೇರಿದಳು. ಅಮ್ಮ ಬಂದು ಗೆರೆ ನೋಡಿ, "ಭಲೇ!" ಎಂದಳು. ಬೆಡ್‌ಶೀಟ್ ಹರವಿ ಕತ್ತರಿ ಎತ್ತಿದಳು. "ಕತ್ತರಿಸ್ಲಾ?"

"ಒಂದು ಡೌಟು," ಎಂದ ಡಬ್ಬ. ಅವನು ತನ್ನ ಅರ್ಧದ ಕೊನೆಗೆ ಹೋಗಿ, ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದ. "ಬಾಗಿಲು ನನ್ನ ದೇಶದಲ್ಲಿದೆ. ಅಕ್ಕ ಬಾತ್‌ರೂಮಿಗೆ ಹೇಗೆ ಹೋಗ್ತಾಳೆ?"

ಅಮ್ಮನ ಕತ್ತರಿ ಗಾಳಿಯಲ್ಲೇ ನಿಂತಿತು. ನಗು ತಡೆಯಲು ಅವಳು ತುಟಿ ಕಚ್ಚಿಕೊಂಡಳು.

ಪಿಟೀಲು ಗೆರೆಯ ಹತ್ತಿರ ಬಂದು ಬಗ್ಗಿದಳು. ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವಳು ತನ್ನ ಕಡೆ ನೋಡಿದಳು. ನೆಲದ ತುಂಬ ಬಿಸಿಲು. ತಮ್ಮನ ಕಡೆ ನೋಡಿದಳು. ಪರದೆ ಬಿದ್ದರೆ ಅವನು ಹಗಲಲ್ಲೂ ಲೈಟ್ ಹಾಕಿಕೊಂಡು ಕಾರು ಓಡಿಸಬೇಕು. ಅದನ್ನು ಅವನಿನ್ನೂ ಗಮನಿಸಿರಲಿಲ್ಲ. ಅವಳು ಹೇಳದಿದ್ದರೆ ಗಮನಿಸುತ್ತಲೂ ಇರಲಿಲ್ಲ.

"ಅಮ್ಮಾ, ಈಗಲೇ ಕತ್ತರಿಸ್ಬೇಡ."

ಅವಳು ಗೆರೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು. "ಬಾರೋ ಇಲ್ಲಿ. ನಂಗೆ ಬಾಗಿಲು ಬೇಕು. ದಿನಕ್ಕೆ ಎಷ್ಟು ಹೊತ್ತು ಬಿಸಿಲು ಬೇಕು ನಿಂಗೆ?"

ಡಬ್ಬ ಬಾಗಿಲು ಬಿಟ್ಟು ಬಂದು ಎದುರಿಗೆ ಕೂತ. ಬೆರಳು ಮಡಚಿ ಎಣಿಸತೊಡಗಿದ.